ಇಸಿಸಿಯಿಂದ ಎಸ್/4 ಹಾನಾಗೆ: ಝಡ್ ಪ್ರೋಗ್ರಾಮ್‌ಗಳ ರಾಶಿ ಇರುವವರಿಗೆ ಅಪ್‌ಗ್ರೇಡ್ ಯೋಜನೆಯ ಸಮಗ್ರ ಮಾರ್ಗದರ್ಶಿ

ನಿಮ್ಮ ಕಂಪನಿಯ ಲೆಕ್ಕ, ಸ್ಟಾಕ್, ಮಾರಾಟ ಎಲ್ಲ ಎಸ್‌ಎಪಿ ಕಂಪನಿಯ ಹಳೆ ಸಾಫ್ಟ್‌ವೇರ್ ಇಸಿಸಿ 6.0 ಮೇಲೆ ನಡೀತಿದೆಯಾ? ಹಾಗಿದ್ದರೆ 2027ರ ಡಿಸೆಂಬರ್ 31 ಅನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಎನ್‌ಹಾನ್ಸ್‌ಮೆಂಟ್ ಪ್ಯಾಕ್ (ಇಸಿಸಿಯ ಸುಧಾರಣೆಯ ಕಂತು) 6, 7 ಅಥವಾ 8 ಇರುವವರಿಗೆ ಎಸ್‌ಎಪಿಯ ಮುಖ್ಯ ಬೆಂಬಲ ಮುಗಿಯುವುದು ಅಂದು. ಪ್ಯಾಕ್ 5 ಮತ್ತು ಅದಕ್ಕಿಂತ ಹಳೆಯದಕ್ಕೆ 2025ರ ಕೊನೆಯೇ ಗಡುವು. ಜಾಸ್ತಿ ದುಡ್ಡು ಕೊಟ್ಟು ಹೊಸ ಪ್ಯಾಕ್‌ಗಳನ್ನು 2030ರ ಕೊನೆವರೆಗೆ ಎಳೆಯಬಹುದು. ಆದರೆ ಆ ದುಡ್ಡಿನಿಂದ ಎಸ್‌ಎಪಿಯ ಹೊಸ ಸಾಫ್ಟ್‌ವೇರ್ ಎಸ್/4 ಹಾನಾಗೆ ಹೋಗುವ ಕೆಲಸ ಕಮ್ಮಿಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ ಮಾತು. ಎಸ್‌ಎಪಿ ಬರೆದ ಕೋಡ್ ಹೊಸದಾಗುವುದು ಎಸ್‌ಎಪಿಯ ಜವಾಬ್ದಾರಿ. ನೀವು ಬರೆಸಿಕೊಂಡದ್ದು ನಿಮ್ಮ ಜವಾಬ್ದಾರಿ. ಝಡ್ ಅಥವಾ ವೈ ಅಕ್ಷರದಿಂದ ಶುರುವಾಗುವ ಪ್ರತಿ ರಿಪೋರ್ಟ್, ಟೇಬಲ್, ಫಾರಂ ನಿಮ್ಮದೇ. ಹದಿನೈದು ವರ್ಷ ಓಡಿದ ವ್ಯವಸ್ಥೆಯಲ್ಲಿ ಇವು ಸಾವಿರದ ಲೆಕ್ಕದಲ್ಲಿರುತ್ತವೆ. ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಬರೆಸಿದವರು ರಿಟೈರ್ ಆಗಿರುತ್ತಾರೆ. ಹಾಗಾಗಿ ಅಪ್‌ಗ್ರೇಡ್ ಯೋಜನೆ ಅಂದರೆ ಮುಕ್ಕಾಲು ಪಾಲು ಈ ಝಡ್ ರಾಶಿಯ ಯೋಜನೆಯೇ. ಕೆಳಗಿನ ಹಂತಗಳು ಆ ನೋಟದಿಂದಲೇ ಬಂದಿವೆ.

ಹಂತ 1: ದಾರಿ ಮತ್ತು ಗುರಿ ಗೊತ್ತುಮಾಡಿಕೊಳ್ಳಿ

ದಾರಿ ಮೂರು. ಈಗಿರುವ ವ್ಯವಸ್ಥೆಯನ್ನೇ ಡೇಟಾ, ಝಡ್ ಕೋಡ್ ಸಮೇತ ಬದಲಾಯಿಸುವುದು ಬ್ರೌನ್‌ಫೀಲ್ಡ್. ಎಲ್ಲವನ್ನೂ ಹೊಸದಾಗಿ ಕಟ್ಟಿ, ಬಾಕಿ ಮತ್ತು ಮಾಸ್ಟರ್ ಡೇಟಾ (ಗಿರಾಕಿ, ಸಪ್ಲೈಯರ್, ಮೆಟೀರಿಯಲ್‌ಗಳ ಮೂಲ ಮಾಹಿತಿ) ಮಾತ್ರ ತರುವುದು ಗ್ರೀನ್‌ಫೀಲ್ಡ್. ಬೇಕಾದಷ್ಟು ವರ್ಷದ, ಬೇಕಾದ ಘಟಕಗಳ ಡೇಟಾ ಆರಿಸಿ ತರುವುದು ಇವೆರಡರ ನಡುವಿನ ದಾರಿ. ನಿಮ್ಮ ಕೆಲಸದ ಕ್ರಮವೇ ಹದಗೆಟ್ಟಿದೆ ಎಂದು ಜನ ಹೇಳುತ್ತಿದ್ದರೆ ಗ್ರೀನ್‌ಫೀಲ್ಡ್ ನೋಡಿ. ಕ್ರಮ ಸರಿಯಿದೆ, ಹಳೆ ದಾಖಲೆ ಕೈಗೆ ಸಿಗುತ್ತಿರಬೇಕು ಅನ್ನುವವರಿಗೆ ಬ್ರೌನ್‌ಫೀಲ್ಡ್ ಸರಿ. ನಮ್ಮಲ್ಲಿನ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಹೆಚ್ಚಿನವು ಎರಡನೇ ಗುಂಪಿಗೆ ಸೇರುತ್ತವೆ ಎನ್ನುವುದು ನನ್ನ ಅಭಿಪ್ರಾಯ. ಈ ಬರಹವೂ ಅವರಿಗಾಗಿಯೇ.

ಎಸ್/4 ಹಾನಾ ಬಂದದ್ದು 2015ರ ಫೆಬ್ರವರಿಯಲ್ಲಿ. 2023ರ ಆವೃತ್ತಿಯಿಂದ ಈಚೆಗೆ ಎರಡು ವರ್ಷಕ್ಕೊಂದು ಆವೃತ್ತಿ, ಪ್ರತಿಯೊಂದಕ್ಕೂ ಏಳು ವರ್ಷದ ಬೆಂಬಲ. ನೀವು ಶುರು ಮಾಡುವ ದಿನ ಯಾವುದು ಹೊಸದೋ ಅದನ್ನೇ ಗುರಿ ಮಾಡಿಕೊಳ್ಳಿ. ಯೋಜನೆ ಮುಗಿಯುವ ಹೊತ್ತಿಗೆ ಅದಕ್ಕೂ ಒಂದು ವರ್ಷ ವಯಸ್ಸಾಗಿರುತ್ತದೆ.

ಇಲ್ಲೇ ಒಂದು ಸಣ್ಣ ಕೆಲಸ ಮುಗಿಸಿ. ಬೇರೆ ಕಂಪನಿಗಳಿಂದ ಕೊಂಡ ಆಡ್-ಆನ್‌ಗಳ (ಎಸ್‌ಎಪಿಗೆ ಜೋಡಿಸುವ ಹೆಚ್ಚುವರಿ ಸಾಫ್ಟ್‌ವೇರ್) ಪಟ್ಟಿ ಮಾಡಿ, ಎಸ್‌ಎಪಿಯ ಮೇಂಟೆನೆನ್ಸ್ ಪ್ಲ್ಯಾನರ್‌ನಲ್ಲಿ ಪರಿಶೀಲಿಸಿ. ಹೊಸ ಆವೃತ್ತಿಗೆ ಹೊಂದದ ಒಂದೇ ಒಂದು ಆಡ್-ಆನ್ ಇದ್ದರೂ ಪ್ರಯಾಣ ಅಲ್ಲೇ ನಿಲ್ಲುತ್ತದೆ. ಇ-ಇನ್‌ವಾಯ್ಸ್ ಆಡ್-ಆನ್, ಬ್ಯಾಂಕ್ ಪಾವತಿಯ ಆಡ್-ಆನ್ ಇವೆರಡನ್ನು ಮೊದಲು ನೋಡಿ.

ಹಂತ 2: ಅಟ್ಟದಲ್ಲಿರುವುದನ್ನೆಲ್ಲ ಕೆಳಗಿಳಿಸಿ

ಮನೆ ಬದಲಾಯಿಸುವಾಗ ಅಟ್ಟ ಇಳಿಸದೆ ಲಾರಿ ಕರೆಯುವವರಿಲ್ಲ, ಅಲ್ವಾ? ಇದೂ ಹಾಗೇ. ಪಟ್ಟಿ ಮಾಡಲು ಕೂತಾಗ ಝಡ್ ರಿಪೋರ್ಟ್‌ಗಳನ್ನಷ್ಟೇ ಎಣಿಸಿ ಎದ್ದುಬಿಡಬೇಡಿ. ಎಸ್‌ಎಪಿ ಕೋಡ್ ನಡುವೆ ನಿಮ್ಮ ಕೋಡ್ ಸೇರಿಸಿದ ಯೂಸರ್ ಎಕ್ಸಿಟ್, ಬ್ಯಾಡಿ, ಸ್ಟ್ಯಾಂಡರ್ಡ್ (ಎಸ್‌ಎಪಿಯದೇ ಆದ) ಕೋಡನ್ನೇ ತಿದ್ದಿದ ಜಾಗಗಳು, ಪ್ರಿಂಟ್‌ಗೆ ಬಳಸುವ ಸ್ಮಾರ್ಟ್‌ಫಾರಂಗಳು, ರಾತ್ರಿ ಓಡುವ ಬ್ಯಾಕ್‌ಗ್ರೌಂಡ್ ಜಾಬ್‌ಗಳು, ಹೊರಗಿನ ವ್ಯವಸ್ಥೆಗಳ ಜೊತೆಗಿನ ಇಂಟರ್‌ಫೇಸ್‌ಗಳು ಎಲ್ಲ ಬೇಕು. ಅಕೌಂಟ್ಸ್‌ನವರು ತಾವೇ ಮಾಡಿಕೊಂಡ ಕ್ವೆರಿಗಳು, ಎಕ್ಸೆಲ್‌ನಿಂದ ಅಪ್‌ಲೋಡ್ ಮಾಡುವ ರೆಕಾರ್ಡಿಂಗ್‌ಗಳು ಸುಲಭವಾಗಿ ತಪ್ಪಿಹೋಗುತ್ತವೆ. ಅವು ಯಾವ ಡಾಕ್ಯುಮೆಂಟ್‌ನಲ್ಲೂ ಇರುವುದಿಲ್ಲ.

ನಂತರದ ಪ್ರಶ್ನೆ: ಇದರಲ್ಲಿ ನಿಜವಾಗಿ ಬಳಸುವುದು ಯಾವುದು? ಇದಕ್ಕೆ ಎಸ್‌ಎಪಿಯಲ್ಲೇ ಎಸ್‌ಸಿಮಾನ್ ಎಂಬ ಸಲಕರಣೆ ಇದೆ. ಪ್ರೊಡಕ್ಷನ್‌ನಲ್ಲಿ, ಅಂದರೆ ನಿತ್ಯದ ಕೆಲಸ ನಡೆಯುವ ಸರ್ವರ್‌ನಲ್ಲಿ, ಯಾವ ಪ್ರೋಗ್ರಾಮ್ ಕರೆದರು, ಎಷ್ಟು ಸಲ ಕರೆದರು ಎಂದು ಅದು ಬರೆದಿಡುತ್ತದೆ. ಎಸ್‌ಯುಎಸ್‌ಜಿ ಎಂಬ ಇನ್ನೊಂದು ಸಲಕರಣೆ ಅದನ್ನು ಒಟ್ಟುಗೂಡಿಸುತ್ತದೆ. ಈ ಬರಹ ಓದಿ ನೀವು ಇವತ್ತೇ ಒಂದು ಕೆಲಸ ಮಾಡುವುದಾದರೆ, ಎಸ್‌ಎಪಿ ಸರ್ವರ್ ನೋಡಿಕೊಳ್ಳುವ ನಿಮ್ಮ ಬೇಸಿಸ್ ತಂಡಕ್ಕೆ ಹೇಳಿ ಎಸ್‌ಸಿಮಾನ್ ಆನ್ ಮಾಡಿಸಿ. ಯೋಜನೆಗೆ ಮಂಜೂರಾತಿ ಸಿಗುವವರೆಗೆ ಕಾಯಬೇಡಿ.

ಎಷ್ಟು ದಿನದ ಲೆಕ್ಕ ಬೇಕು? ಕಮ್ಮಿ ಅಂದರೆ ಹದಿಮೂರು ತಿಂಗಳು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಕಾರ್ಖಾನೆಯಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೂರು ತಿಂಗಳ ಲೆಕ್ಕ ಹಿಡಿದು, ಬಳಕೆಯಿಲ್ಲ ಎಂದು ಕಂಡ ಪ್ರೋಗ್ರಾಮ್‌ಗಳನ್ನು ಅಳಿಸಿದೆವು. ಮಾರ್ಚ್ 31ರ ರಾತ್ರಿ ಅಲ್ಲಿನ ಅಕೌಂಟ್ಸ್ ಮುಖ್ಯಸ್ಥರ ಫೋನ್ ಬಂತು. ನಿಧಾನವಾಗಿ ಖರ್ಚಾಗುವ ಸ್ಟಾಕ್‌ಗೆ ವರ್ಷದ ಕೊನೆಯಲ್ಲಿ ಮೌಲ್ಯ ಇಳಿಸುವ ಪ್ರೋಗ್ರಾಮ್ ಸಿಗುತ್ತಿಲ್ಲ ಎಂದರು. ವರ್ಷಕ್ಕೆ ಒಂದೇ ಸಲ ಓಡುವ ಪ್ರೋಗ್ರಾಮ್ ಅದು. ಪ್ರಯೋಗಕ್ಕೆ ಇಟ್ಟಿದ್ದ ಹಳೆ ಸ್ಯಾಂಡ್‌ಬಾಕ್ಸ್ ಪ್ರತಿಯಿಂದ ಹುಡುಕಿ ತಂದು, ಸರಿಮಾಡಿ ಕೊಡಲು ಎರಡು ರಾತ್ರಿ ಹಿಡಿಯಿತು. ಅಂದಿನಿಂದ ಮಾರ್ಚ್ ತಿಂಗಳು ಇಲ್ಲದ ಬಳಕೆ ಲೆಕ್ಕವನ್ನು ನಾನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಹಂತ 3: ಬಳಸುವವರ ಪಕ್ಕ ಕುಳಿತುಕೊಳ್ಳಿ

ಎಸ್‌ಸಿಮಾನ್ ಸಂಖ್ಯೆ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ಬೇಕಾದರೆ ಸ್ಟೋರ್ಸ್‌ಗೆ, ಡಿಸ್ಪ್ಯಾಚ್‌ಗೆ, ಗೇಟಿಗೆ ಹೋಗಬೇಕು. ಕಾನ್ಫರೆನ್ಸ್ ರೂಮಿಗೆ ಅವರನ್ನು ಕರೆಸಿದರೆ ಮ್ಯಾನೇಜರ್ ಎದುರು ಯಾರೂ ಬಾಯಿ ಬಿಡುವುದಿಲ್ಲ.

ಒಂದು ಸ್ಟೋರ್ಸ್‌ನಲ್ಲಿ ಮೂವತ್ತೆರಡು ಕಾಲಂ ಇರುವ ಒಂದು ಝಡ್ ರಿಪೋರ್ಟ್ ದಿನಕ್ಕೆ ಹತ್ತು ಸಲ ಓಡುತ್ತಿತ್ತು. ಅದನ್ನು ಹೊಸ ವ್ಯವಸ್ಥೆಗೆ ತಿದ್ದಿ ಬರೆಯಲು ಮೂರು ವಾರ ಬೇಕು ಎಂದು ಅಂದಾಜಾಗಿತ್ತು. ಓಡಿಸುವವರ ಹತ್ತಿರ ಹೋಗಿ ಕೇಳಿದೆ.

“ಸರ್, ಇದರಲ್ಲಿ ಏನು ನೋಡ್ತೀರಿ?”

“ಇಗೋ, ಈ ಎರಡನೇ ಕಾಲಂ ಮತ್ತು ಕೊನೇದು. ಯಾವ ಬಿನ್‌ನಲ್ಲಿ ಎಷ್ಟಿದೆ ಅಂತ. ಉಳಿದದ್ದು ಯಾರಿಗೋ ಬೇಕಿತ್ತಂತೆ ಸರ್, ನಾನು ಸೇರೋಕೆ ಮುಂಚೆ.”

ಅವರಿಗೆ ಬೇಕಾದ ಎರಡು ಕಾಲಂ ಸ್ಟ್ಯಾಂಡರ್ಡ್ ಸ್ಟಾಕ್ ರಿಪೋರ್ಟ್‌ನಲ್ಲೇ ಇತ್ತು. ಲೇಔಟ್ ಸೇವ್ ಮಾಡಿಕೊಟ್ಟೆ. ಮೂರು ವಾರದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಹೀಗೆ ಮಾತಾಡುತ್ತಾ ಪ್ರತಿ ಝಡ್ ವಸ್ತುವಿಗೂ ಒಂದು ತೀರ್ಮಾನ ಬರೆಯಿರಿ: ಬಿಡಬೇಕು, ಸ್ಟ್ಯಾಂಡರ್ಡ್‌ಗೆ ಹೋಗಬೇಕು, ಇದ್ದಂತೆ ತಿದ್ದಿ ಒಯ್ಯಬೇಕು, ಹೊಸದಾಗಿ ಬರೆಯಬೇಕು. ತೀರ್ಮಾನದ ಪಕ್ಕ ಒಬ್ಬ ವ್ಯಕ್ತಿಯ ಹೆಸರಿರಲಿ. “ಫೈನಾನ್ಸ್ ವಿಭಾಗ” ಎಂದು ಬರೆದರೆ ಯಾರೂ ಜವಾಬ್ದಾರರಲ್ಲ ಎಂದೇ ಅರ್ಥ. ಬಿಡುವ ಪಟ್ಟಿಯನ್ನು ಎಸ್‌ಎಪಿಯ ಕಸ್ಟಮ್ ಕೋಡ್ ಮೈಗ್ರೇಷನ್ ಆ್ಯಪ್‌ನಲ್ಲಿ ಗುರುತು ಮಾಡಿದರೆ, ಬದಲಾವಣೆಯ ಹೊತ್ತಲ್ಲಿ ಆ ಕೋಡ್ ತಾನಾಗಿ ಅಳಿಯುವಂತೆ ಮಾಡಬಹುದು.

“ನಾವು ಹೀಗೇ ಮಾಡೋದು” ಎನ್ನುವ ಹಟ ಎಲ್ಲಿ ನ್ಯಾಯ, ಎಲ್ಲಿ ಅಲ್ಲ ಎಂದು ಬೇರ್ಪಡಿಸುವುದು ಈ ಹಂತದ ಅತಿ ಕಷ್ಟದ ಭಾಗ. ಜರ್ಮನಿಯ ಲಿಡ್ಲ್ ಸೂಪರ್‌ಮಾರ್ಕೆಟ್ ಕಂಪನಿ ಏಳು ವರ್ಷ ನಡೆಸಿದ ಎಸ್‌ಎಪಿ ಯೋಜನೆಯನ್ನು 2018ರಲ್ಲಿ ಕೈಬಿಟ್ಟಿತು. ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು ಎಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಸಾಫ್ಟ್‌ವೇರ್ ಸ್ಟಾಕನ್ನು ಮಾರಾಟದ ಬೆಲೆಯಲ್ಲಿ ಹಿಡಿಯುತ್ತಿತ್ತು. ಕಂಪನಿ ತಾನು ಹಿಡಿಯುವುದು ಕೊಂಡ ಬೆಲೆಯಲ್ಲಿ ಎಂದು ಪಟ್ಟು ಹಿಡಿದು ತಿದ್ದಿಸುತ್ತಾ ಹೋಯಿತು. ನಿಮ್ಮ ಪಟ್ಟಿಯಲ್ಲಿ ಅಂಥ ಮೂಲದ ಭಿನ್ನತೆ ಎಷ್ಟಿವೆ ಎಂದು ಈಗಲೇ ಎಣಿಸಿ. ಎರಡೋ ಮೂರೋ ಇದ್ದರೆ ಅವನ್ನು ಕಾಪಾಡಿಕೊಳ್ಳಿ, ಅವು ನಿಮ್ಮ ವ್ಯಾಪಾರದ ಗುಟ್ಟಿರಬಹುದು. ಮೂವತ್ತಿದ್ದರೆ ಮಾಲೀಕರನ್ನೇ ಕೂರಿಸಿ ಮಾತಾಡಿ.

ಹಂತ 4: ಉಳಿದ ಕೋಡ್‌ನಲ್ಲಿ ಏನು ಮುರಿಯುತ್ತದೆ ಎಂದು ನೋಡಿ

ಎರಡು ಸಲಕರಣೆ ಸಾಕು. ರೆಡಿನೆಸ್ ಚೆಕ್ ನಿಮ್ಮ ಇಡೀ ವ್ಯವಸ್ಥೆ ನೋಡಿ, ಎಸ್/4ನಲ್ಲಿ ಬದಲಾದ ಯಾವ ಯಾವ ಅಂಶ ನಿಮಗೆ ತಟ್ಟುತ್ತದೆ ಎಂದು ಹೇಳುತ್ತದೆ. ಎಟಿಸಿ ನಿಮ್ಮ ಅಬಾಪ್ (ಎಸ್‌ಎಪಿಯ ಪ್ರೋಗ್ರಾಮಿಂಗ್ ಭಾಷೆ) ಕೋಡನ್ನು ಸಾಲು ಸಾಲಾಗಿ ಓದಿ ತಪ್ಪು ತೋರಿಸುತ್ತದೆ. ಮೊದಲ ಸಲ ಎಟಿಸಿ ಓಡಿಸಿದಾಗ ಹತ್ತಾರು ಸಾವಿರ ತಪ್ಪು ಬಂದರೆ ಎದೆಗುಂದಬೇಡಿ. ಬಿಡುವ ಪಟ್ಟಿ ಕಳೆದು ನೋಡಿ. ಉಳಿದದ್ದರಲ್ಲೂ ಎಷ್ಟೋ ತಪ್ಪುಗಳಿಗೆ, ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್‌ನಲ್ಲಿ ಒಂದು ಕ್ಲಿಕ್‌ನಲ್ಲಿ ತಿದ್ದುವ ಸೌಲಭ್ಯ ಇದೆ.

ಆದರೆ ಪಟ್ಟಿಯನ್ನು ಡೆವಲಪರ್‌ಗೆ ಕೊಟ್ಟು ಸುಮ್ನೆ ಇರಬೇಡಿ. ಯೋಜನೆ ಮಾಡುವವರೂ ಈ ತಪ್ಪುಗಳ ಒಳಗುಟ್ಟು ತಿಳಿದಿರಬೇಕು. ಜೋರಾಗಿ ಕೂಗಿ ನಿಲ್ಲುವ ಪ್ರೋಗ್ರಾಮ್‌ಗಳ ಭಯ ನನಗಿಲ್ಲ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವವೇ ಅಪಾಯ. ನಾಲ್ಕನ್ನು ಹತ್ತಿರದಿಂದ ತೋರಿಸುತ್ತೇನೆ.

ಒಂದು, ಸಾಲುಗಳ ಕ್ರಮ. ಹಳೆ ಡೇಟಾಬೇಸ್‌ಗಳಲ್ಲಿ ಡೇಟಾ ಕೇಳಿದರೆ ಸಾಮಾನ್ಯವಾಗಿ ಕೀ (ಸಾಲಿನ ಗುರುತು) ಕ್ರಮದಲ್ಲೇ ಬರುತ್ತಿತ್ತು. ಹಲವು ಟೇಬಲ್‌ಗಳನ್ನು ಒಟ್ಟಿಗೆ ಇಡುವ ಕ್ಲಸ್ಟರ್ ಟೇಬಲ್‌ಗಳಲ್ಲಂತೂ ಖಂಡಿತ. ಹಾಗಾಗಿ ಡೆವಲಪರ್‌ಗಳು ಆರ್ಡರ್ ಬೈ (ಯಾವ ಕ್ರಮ ಎಂದು ಹೇಳುವ ಮಾತು) ಬರೆಯದೆ ಬಿಟ್ಟರು, ಮೊದಲ ಸಾಲು ತೆಗೆದುಕೊಂಡು ಮುಂದೆ ಹೋದರು. ಎಸ್/4ನ ಡೇಟಾಬೇಸ್ ಆದ ಹಾನಾದಲ್ಲಿ ಆ ಭರವಸೆ ಇಲ್ಲ. ಒಂದು ಕಡೆ ಬಾಕ್ಸ್ ಮೇಲೆ ಅಂಟಿಸುವ ಲೇಬಲ್‌ನ ಪ್ರೋಗ್ರಾಮ್ ಗಿರಾಕಿಯ ಹಲವು ವಿಳಾಸಗಳಲ್ಲಿ ಮೊದಲನೆಯದನ್ನು ತೆಗೆದುಕೊಳ್ಳುತ್ತಿತ್ತು. ಹದಿನಾಲ್ಕು ವರ್ಷ ಅದು ಸರಿಯಾದ ವಿಳಾಸವೇ ಆಗಿತ್ತು. ಪರೀಕ್ಷೆಯ ದಿನ ಹೊಸೂರಿನ ಬಾಕ್ಸ್ ಮೇಲೆ ಪುಣೆಯ ವಿಳಾಸ ಬಂತು. ಎರಡನೇ ಸಲ ಪ್ರಿಂಟ್ ಕೊಟ್ಟರೆ ಹೊಸೂರು ಬಂತು. ಡಿಸ್ಪ್ಯಾಚ್‌ನ ಹುಡುಗ ಲೇಬಲ್ ಓದಿ ನೋಡದೇ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು, ಮೆಟೀರಿಯಲ್ ನಂಬರ್‌ನ ಉದ್ದ. ಇಸಿಸಿಯಲ್ಲಿ 18 ಅಕ್ಷರ ಇದ್ದದ್ದು ಎಸ್/4ನಲ್ಲಿ 40 ಆಗಿದೆ. ಉದ್ದದ ನಂಬರ್ ನೀವು ಬಳಸದಿದ್ದರೂ ಫೀಲ್ಡ್‌ನ ಅಳತೆ ಬದಲಾಗಿಯೇ ಇರುತ್ತದೆ. ಎಸ್‌ಎಪಿಯ ಸ್ವಂತ ಇಂಟರ್‌ಫೇಸ್‌ಗಳು ಹಳೆಯವರಿಗೆ ತೊಂದರೆಯಾಗದಂತೆ ಇದನ್ನು ನೋಡಿಕೊಂಡಿವೆ. ನಿಮ್ಮ ಝಡ್ ಫೈಲ್‌ಗಳು ನೋಡಿಕೊಂಡಿರುವುದಿಲ್ಲ. ವೇಬ್ರಿಡ್ಜ್‌ಗೆ ಕಳಿಸುವ ಟೆಕ್ಸ್ಟ್ ಫೈಲ್ ಊಹಿಸಿಕೊಳ್ಳಿ. 1ರಿಂದ 18ನೇ ಜಾಗದಲ್ಲಿ ಮೆಟೀರಿಯಲ್ ನಂಬರ್, 19ರಿಂದ ಲಾರಿ ನಂಬರ್, ನಂತರ ತೂಕ. ಈಗ ಲಾರಿ ನಂಬರ್ 41ನೇ ಜಾಗದಿಂದ ಶುರುವಾಗುತ್ತದೆ. ಆ ಕಡೆಯ ಹಳೆ ಸಾಫ್ಟ್‌ವೇರ್ 19ರಲ್ಲೇ ಹುಡುಕುತ್ತದೆ, ಬರೀ ಖಾಲಿ ಜಾಗ ಓದುತ್ತದೆ. ಅದನ್ನು ಬರೆದುಕೊಟ್ಟವರು ಈಗ ಸಿಗುತ್ತಾರೋ ಇಲ್ಲವೋ ಎನ್ನುವುದೂ ಯೋಜನೆಯ ಪ್ರಶ್ನೆಯೇ.

ಮೂರು, ಖಾಲಿಯಾದ ಟೇಬಲ್‌ಗಳು. ಸೇಲ್ಸ್ ದಾಖಲೆಗಳ ಸ್ಥಿತಿ ಹೇಳುತ್ತಿದ್ದ ವಿಬಿಯುಕೆ, ವಿಬಿಯುಪಿ ಟೇಬಲ್‌ಗಳ ಮಾಹಿತಿ ಈಗ ಆಯಾ ದಾಖಲೆಯ ಮುಖ್ಯ ಟೇಬಲ್‌ಗಳಿಗೆ ಸೇರಿದೆ. ಹೊಸ ದಾಖಲೆಗಳಿಗೆ ಈ ಹಳೆ ಟೇಬಲ್‌ಗಳು ತುಂಬುವುದಿಲ್ಲ. ಬಾಕಿ ಡೆಲಿವರಿ ತೋರಿಸುವ ನಿಮ್ಮ ಝಡ್ ರಿಪೋರ್ಟ್ ಅಲ್ಲಿ ಓದಿದರೆ ಎರರ್ ಬರುವುದಿಲ್ಲ, ಖಾಲಿ ಪಟ್ಟಿ ಬರುತ್ತದೆ. ಖಾಲಿ ಪಟ್ಟಿ ನೋಡಿದವರು ಬಾಕಿ ಏನೂ ಇಲ್ಲ ಎಂದೇ ನಂಬುತ್ತಾರೆ.

ನಾಲ್ಕು, ಸ್ಟಾಕ್ ಓದುವ ಲೂಪ್‌ಗಳು. ಸರಕಿನ ಚಲನೆ ಈಗ ಮ್ಯಾಟ್‌ಡಾಕ್ ಎಂಬ ಒಂದೇ ಟೇಬಲ್‌ನಲ್ಲಿದೆ. ಹಳೆ ಎಂಸೆಗ್, ಎಂಕೆಪಿಎಫ್ ಹೆಸರಲ್ಲಿ ಓದಿದರೂ ಉತ್ತರ ಬರುತ್ತದೆ. ಎಂಎಆರ್‌ಡಿ ಟೇಬಲ್‌ನಲ್ಲಿನ ಸ್ಟಾಕ್ ಪ್ರಮಾಣವನ್ನು ವ್ಯವಸ್ಥೆ ಕೇಳಿದಾಗ ಕೂಡಿಸಿ ಕೊಡುತ್ತದೆ. ಒಂದೇ ಸಲಕ್ಕೆ ಕೇಳಿದರೆ ಇದು ವೇಗ. ಇಪ್ಪತ್ತು ಸಾವಿರ ಮೆಟೀರಿಯಲ್‌ಗೆ ಲೂಪ್ ಒಳಗೆ ಒಂದೊಂದಾಗಿ ಕೇಳಿದರೆ ಹಳೆಯದಕ್ಕಿಂತಲೂ ನಿಧಾನವಾಗಬಹುದು. ಹಾನಾ ಹಾಕಿದರೆ ಎಲ್ಲವೂ ತಾನಾಗಿ ಓಡುತ್ತದೆ ಎಂದು ಯಾರಾದರೂ ಹೇಳಿದರೆ ಇಂಥ ಒಂದು ರಿಪೋರ್ಟ್ ಓಡಿಸಿ ತೋರಿಸಿ.

ಇನ್ನುಳಿದವು ಬೇಗ ಹೇಳಿ ಮುಗಿಸುತ್ತೇನೆ. ಸರಕಿನ ಚಲನೆ ಬರೆಯುತ್ತಿದ್ದ ಎಂಬಿ1ಎ, ಎಂಬಿ1ಬಿ, ಎಂಬಿ1ಸಿ ಸ್ಕ್ರೀನ್‌ಗಳು ಹೋಗಿ ಎಂಐಜಿಒ ಒಂದೇ ಉಳಿದಿದೆ. ಗಿರಾಕಿ, ಸಪ್ಲೈಯರ್ ಹೊಸದಾಗಿ ಸೇರಿಸುವುದು ಈಗ ಬಿಪಿ (ಬಿಸಿನೆಸ್ ಪಾರ್ಟ್ನರ್) ಸ್ಕ್ರೀನ್‌ನಲ್ಲಿ. ಹಳೆ ಸ್ಕ್ರೀನ್‌ಗಳ ಮೇಲೆ ರೆಕಾರ್ಡ್ ಮಾಡಿದ ಅಪ್‌ಲೋಡ್ ಪ್ರೋಗ್ರಾಮ್‌ಗಳನ್ನು ಮತ್ತೆ ಬರೆಯಬೇಕು. ಲೆಕ್ಕದ ಟೇಬಲ್‌ಗೆ ನೇರವಾಗಿ ಕೈ ಹಾಕಿ ತಿದ್ದುವ ಝಡ್ ಪ್ರೋಗ್ರಾಮ್ ಕಂಡರೆ ಒಯ್ಯಲೇಬೇಡಿ. 2023ರ ಏಪ್ರಿಲ್ 1ರಿಂದ ನಮ್ಮ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು ಎಂಬ ನಿಯಮ ಇದೆ. ಅಂಥ ಪ್ರೋಗ್ರಾಮ್ ತಾಂತ್ರಿಕ ತೊಂದರೆ ಮಾತ್ರ ಅಲ್ಲ, ಕಾನೂನಿನ ತೊಂದರೆಯೂ ಹೌದು.

ಹಂತ 5: ಡೇಟಾ ತೊಳೆಯಿರಿ

ಎಸ್/4ನಲ್ಲಿ ಪ್ರತಿ ಗಿರಾಕಿ, ಪ್ರತಿ ಸಪ್ಲೈಯರ್ ಬಿಸಿನೆಸ್ ಪಾರ್ಟ್ನರ್ ಎಂಬ ದಾಖಲೆ ಆಗಿರಬೇಕು. ಈ ಬದಲಾವಣೆಯನ್ನು ಹಳೆ ವ್ಯವಸ್ಥೆಯಲ್ಲೇ ಮೊದಲು ಮುಗಿಸಬೇಕು. ಎಷ್ಟೋ ಯೋಜನೆಗಳು ತಿಂಗಳುಗಟ್ಟಲೆ ಸಿಕ್ಕಿಬೀಳುವುದು ಇಲ್ಲೇ. ಪಿನ್ ಕೋಡ್‌ನಲ್ಲಿ ಐದೇ ಅಂಕಿ, ಇಮೇಲ್ ಜಾಗದಲ್ಲಿ ಫೋನ್ ನಂಬರ್, ಒಂದೇ ಸಪ್ಲೈಯರ್ ಮೂರು ಹೆಸರಲ್ಲಿ. ಹಳೆ ವ್ಯವಸ್ಥೆ ಇದನ್ನೆಲ್ಲ ಸಹಿಸಿಕೊಂಡಿತ್ತು, ಹೊಸದು ಸಹಿಸುವುದಿಲ್ಲ.

ನಮ್ಮ ದೇಶದ ಡೇಟಾಗೆ ಒಂದು ಒಳ್ಳೆಯ ಉಪಾಯ ಇದೆ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಮಾಸ್ಟರ್‌ನಲ್ಲಿರುವ ಪ್ಯಾನ್ ಮತ್ತು ಜಿಎಸ್‌ಟಿ ನಂಬರ್‌ನ ಒಳಗಿನ ಪ್ಯಾನ್ ತಾಳೆಯಾಗದಿದ್ದರೆ ಅಲ್ಲಿ ತಪ್ಪಿದೆ. ಒಂದೇ ಪ್ಯಾನ್ ಗಿರಾಕಿ ಪಟ್ಟಿಯಲ್ಲೂ ಸಪ್ಲೈಯರ್ ಪಟ್ಟಿಯಲ್ಲೂ ಇದ್ದರೆ ಅವರು ಒಬ್ಬರೇ, ಒಂದೇ ಪಾರ್ಟ್ನರ್ ಆಗಬಹುದು. ಎಕ್ಸೆಲ್‌ನಲ್ಲಿ ಒಂದು ಮಧ್ಯಾಹ್ನದ ಕೆಲಸ ಇದು.

ಲೆಕ್ಕದ ತಾಳೆಯೂ ಈಗಲೇ ಆಗಲಿ. ಎಸ್/4ನಲ್ಲಿ ಫೈನಾನ್ಸ್, ಕಂಟ್ರೋಲಿಂಗ್, ಆಸ್ತಿಯ ಲೆಕ್ಕ ಎಲ್ಲ ಅಕ್‌ಡೋಕಾ ಎಂಬ ಒಂದೇ ಟೇಬಲ್‌ಗೆ ಸೇರುತ್ತವೆ. ಬೇರೆ ಬೇರೆ ಇದ್ದಾಗ ಆಸ್ತಿಯ ಲೆಡ್ಜರ್‌ಗೂ ಜನರಲ್ ಲೆಡ್ಜರ್‌ಗೂ ಇದ್ದ ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದಾಗುವಾಗ ಅದು ಎದ್ದು ನಿಲ್ಲುತ್ತದೆ. ಕಟ್‌ಓವರ್ ರಾತ್ರಿ, ಅಂದರೆ ಹೊಸದಕ್ಕೆ ದಾಟುವ ರಾತ್ರಿ, 2011ರ ಒಂದು ತಪ್ಪು ಎಂಟ್ರಿ ಹುಡುಕುವ ಸ್ಥಿತಿ ಯಾರಿಗೂ ಬೇಡ.

ಹಾನಾ ಡೇಟಾವನ್ನು ಮೆಮೊರಿಯಲ್ಲಿ ಇಡುತ್ತದೆ, ಮೆಮೊರಿ ದುಬಾರಿ. ಹಳೆ ಲಾಗ್‌ಗಳು, ಮುಗಿದ ಐಡಾಕ್‌ಗಳು (ವ್ಯವಸ್ಥೆಗಳ ನಡುವೆ ಹೋಗುವ ಸಂದೇಶಗಳು), ಯಾರೂ ತೆರೆಯದ ಅಟ್ಯಾಚ್‌ಮೆಂಟ್‌ಗಳು ಮೊದಲು ಆರ್ಕೈವ್‌ಗೆ ಹೋಗಲಿ. ಲೆಕ್ಕದ ದಾಖಲೆಗಳನ್ನು ಆರ್ಕೈವ್ ಮಾಡುವಾಗ ಎಂಟು ಹಣಕಾಸು ವರ್ಷದ ಪುಸ್ತಕಗಳು ಓದಲು ಸಿಗಬೇಕು ಎಂಬ ಕಂಪನಿ ಕಾಯ್ದೆಯ ಮಾತು ನೆನಪಿರಲಿ.

ಹಂತ 6: ಸ್ಯಾಂಡ್‌ಬಾಕ್ಸ್‌ನಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡಿ

ಪ್ರೊಡಕ್ಷನ್‌ನ ಪೂರ್ತಿ ಪ್ರತಿ ತೆಗೆದು ಅದರ ಮೇಲೆ ಮಾಡಿ. ಸಣ್ಣ ಡೆವಲಪ್‌ಮೆಂಟ್ ಸರ್ವರ್ ಮೇಲೆ ಮಾಡಿದರೆ ಸಮಯದ ಅಂದಾಜೂ ಸಿಗುವುದಿಲ್ಲ, ಡೇಟಾದ ತಪ್ಪೂ ಸಿಗುವುದಿಲ್ಲ. ಬದಲಾವಣೆ ಮಾಡುವ ಸಮ್ ಸಲಕರಣೆ ಪ್ರತಿ ಘಟ್ಟಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುತ್ತದೆ. ಆ ವರದಿಯನ್ನು ಜೋಪಾನ ಮಾಡಿ. ಸ್ಟ್ಯಾಂಡರ್ಡ್ ಕೋಡನ್ನು ನೀವು ತಿದ್ದಿದ ಜಾಗಗಳು ಇಲ್ಲಿ ಎಸ್‌ಪಿಡಿಡಿ ಮತ್ತು ಸ್ಪೌ ಪಟ್ಟಿಗಳಲ್ಲಿ ಬರುತ್ತವೆ. ಎಸ್‌ಪಿಡಿಡಿಯಲ್ಲಿ ಟೇಬಲ್‌ಗಳ ರಚನೆ ಇರುತ್ತದೆ. ಅಲ್ಲಿ ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೆ ಡೇಟಾ ಹೋಗಬಹುದು. ಅನುಭವ ಇರುವವರೇ ಅದನ್ನು ಮಾಡಲಿ.

ಹಂತ 7: ಎರಡು ದೋಣಿ ಮೇಲೆ ಕಾಲಿಡುವ ತಿಂಗಳುಗಳು

ಹೊಸದು ಸಿದ್ಧವಾಗುವವರೆಗೆ ಹಳೆಯದೂ ನಡೆಯುತ್ತಿರಬೇಕು. ಹಳೆಯದರಲ್ಲಿ ಮಾಡಿದ ಪ್ರತಿ ತಿದ್ದುಪಡಿಯನ್ನು ಹೊಸದರಲ್ಲೂ ಕೈಯಾರೆ ಮಾಡಬೇಕು. ಹಾಗಾಗಿ ಹೊಸ ಬೇಡಿಕೆಗಳಿಗೆ ಬೀಗ ಹಾಕುವ ದಿನವನ್ನು ಮೊದಲೇ ಸಾರಿ ಹೇಳಿ. ಬೀಗದಿಂದ ವಿನಾಯಿತಿ ಎರಡಕ್ಕೆ ಮಾತ್ರ: ಕಾರ್ಖಾನೆ ನಿಲ್ಲುವಂಥ ದೋಷ, ಸರ್ಕಾರದ ಹೊಸ ನಿಯಮ. ಎರಡನೆಯದು ಬಂದೇ ಬರುತ್ತದೆ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಶುರುವಾಗಿ, 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ಇಳಿಯಿತು. ಅಂಥ ಒಂದು ಆದೇಶ ನಿಮ್ಮ ಯೋಜನೆಯ ನಡುವೆ ಬರುತ್ತದೆ ಎಂದೇ ಅಂದುಕೊಂಡು ಒಬ್ಬ ಡೆವಲಪರ್‌ನ ಸಮಯ ಎತ್ತಿಡಿ.

ಹಂತ 8: ಪರೀಕ್ಷೆ

ಪರೀಕ್ಷೆಗೆ ಡೆಮೊ ಡೇಟಾ ಬೇಡ. ಕಳೆದ ಮಾರ್ಚ್‌ನ ನಿಜವಾದ ಆರ್ಡರ್‌ಗಳನ್ನು ತೆಗೆದುಕೊಳ್ಳಿ. ಹಳೆ ವ್ಯವಸ್ಥೆಯ ರಿಪೋರ್ಟ್ ಮತ್ತು ಹೊಸದರ ರಿಪೋರ್ಟ್ ಪಕ್ಕ ಪಕ್ಕ ಇಟ್ಟು ಕೊನೆಯ ಪೈಸೆವರೆಗೆ ತಾಳೆ ನೋಡಿ. ಪ್ರಿಂಟ್ ಬರಬೇಕಾದದ್ದನ್ನು ನಿಜವಾದ ಪ್ರಿಂಟರ್‌ನಲ್ಲೇ ತೆಗೆಯಿರಿ. ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡನ್ನು ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ. ಗೇಟ್ ಪಾಸ್ ಬರೆಯುವವರ ಲಾಗಿನ್‌ನಲ್ಲೇ ಗೇಟ್ ಪಾಸ್ ಪರೀಕ್ಷೆ ಆಗಲಿ. ಪ್ರಾಜೆಕ್ಟ್ ತಂಡದವರ ಲಾಗಿನ್‌ಗೆ ಎಲ್ಲ ಅನುಮತಿ ಇರುವುದರಿಂದ ಅನುಮತಿಯ ತೊಂದರೆ ಅಲ್ಲಿ ಕಾಣುವುದೇ ಇಲ್ಲ.

ಹೊರೆ ಹೊರುವ ಪರೀಕ್ಷೆಯನ್ನು ಬಜೆಟ್‌ಗಾಗಿ ಕತ್ತರಿಸುವವರು ಜಾಸ್ತಿ. ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಹೋಯಿತು. ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆ ತೆರೆಯಲಾಗದೆ ಪರದಾಡಿದರು. ಎರಡು ಡೇಟಾ ಸೆಂಟರ್ ಇದ್ದರೂ ಹೊರೆ ಪರೀಕ್ಷೆ ಒಂದರ ಮೇಲೆ ಮಾತ್ರ ಆಗಿತ್ತು ಎಂದು ನಂತರದ ತನಿಖೆ ಹೇಳಿತು. 2022ರ ಡಿಸೆಂಬರ್‌ನಲ್ಲಿ ಬಿದ್ದ ದಂಡ 4.865 ಕೋಟಿ ಪೌಂಡ್. ನಿಮ್ಮ ಕಾರ್ಖಾನೆಯಲ್ಲಿ ತಿಂಗಳ ಕೊನೆಯ ದಿನ ಸಂಜೆ ನಾಲ್ಕಕ್ಕೆ ಎಷ್ಟು ಜನ ಒಟ್ಟಿಗೆ ಇನ್‌ವಾಯ್ಸ್ ಹಾಕುತ್ತಾರೆ ಎಂದು ಎಣಿಸಿ. ಅಷ್ಟು ಜನರನ್ನು ಒಂದು ಶನಿವಾರ ನಿಜವಾಗಿ ಕೂರಿಸಿ ಹಾಕಿಸಿ. ಊಟ ಕೊಡಿಸಿ.

ಹಂತ 9: ಕಟ್‌ಓವರ್ ವಾರಾಂತ್ಯ

ಮೊದಲು ದಿನ. ಟಿಡಿಎಸ್ ಕಟ್ಟುವುದು ತಿಂಗಳ 7ಕ್ಕೆ, ಜಿಎಸ್‌ಟಿಆರ್-1 11ಕ್ಕೆ, ಜಿಎಸ್‌ಟಿಆರ್-3ಬಿ 20ಕ್ಕೆ. ತಿಂಗಳ ಕೊನೆಯ ವಾರ ಮಾರಾಟದ ಒತ್ತಡ. ಉಳಿಯುವುದು 20 ದಾಟಿದ ಮೊದಲ ವಾರಾಂತ್ಯ. ಆಯುಧಪೂಜೆ, ವಿಜಯದಶಮಿ ವಾರಾಂತ್ಯಕ್ಕೆ ಅಂಟಿಕೊಂಡು ಬಂದ ವರ್ಷ ನಾಲ್ಕು ದಿನ ಸಿಗುತ್ತದೆ. ಮೆಷಿನ್‌ಗಳೂ ಪೂಜೆಗೆ ನಿಂತಿರುತ್ತವೆ. ಆದರೆ ನಿಮ್ಮ ತಂಡದ ಅರ್ಧ ಜನ ಊರಿಗೆ ಬಸ್ ಬುಕ್ ಮಾಡಿರುತ್ತಾರೆ. ಅವರನ್ನು ಎರಡು ತಿಂಗಳು ಮೊದಲೇ ಕೇಳಿ, ಬದಲಿ ರಜೆಯನ್ನು ಬರವಣಿಗೆಯಲ್ಲಿ ಕೊಡಿ.

ತಾಲೀಮು ಕಮ್ಮಿ ಅಂದರೆ ಎರಡು, ಸಾಧ್ಯವಾದರೆ ಮೂರು. ಕೊನೆಯ ತಾಲೀಮು ಗಡಿಯಾರ ಹಿಡಿದು, ಅದೇ ಜನ, ಅದೇ ಕ್ರಮ, ರಾತ್ರಿ ಪಾಳಿ ಸಮೇತ ನಡೆಯಲಿ. ಪ್ರತಿ ಕೆಲಸಕ್ಕೂ ಮಾಡುವವರ ಹೆಸರು, ಫೋನ್ ನಂಬರ್, ಶುರುವಿನ ಹೊತ್ತು, ಮುಗಿಯುವ ಹೊತ್ತು ಇರುವ ಪಟ್ಟಿ ಬೇಕು. ಒಂದು ಪಟ್ಟಿಯ ತುಣುಕು ಹೀಗಿರಬಹುದು:

ಶುಕ್ರವಾರ ಸಂಜೆ 6: ಕೊನೆಯ ಇನ್‌ವಾಯ್ಸ್. ಐಆರ್‌ಎನ್ (ಇ-ಇನ್‌ವಾಯ್ಸ್‌ನ ಸರ್ಕಾರಿ ನಂಬರ್) ಬರದ ಇನ್‌ವಾಯ್ಸ್ ಸೊನ್ನೆಗೆ ಬರಬೇಕು.
ರಾತ್ರಿ 8: ಲೋಡ್ ಆದ ಲಾರಿಗಳು ಇ-ವೇ ಬಿಲ್ ಸಮೇತ ಗೇಟು ದಾಟಿರಬೇಕು.
ರಾತ್ರಿ 9: ಎಲ್ಲ ಬಳಕೆದಾರರ ಲಾಗಿನ್ ಬಂದ್. ಜಾಬ್‌ಗಳು ನಿಂತವು.
ರಾತ್ರಿ 10: ಬಾಕಿ ಪಟ್ಟಿ, ಸ್ಟಾಕ್ ಮೌಲ್ಯ, ಟ್ರಯಲ್ ಬ್ಯಾಲೆನ್ಸ್ ತೆಗೆದು ಸಹಿ.
ರಾತ್ರಿ 11: ಬ್ಯಾಕಪ್, ನಂತರ ಸಮ್‌ನ ಡೌನ್‌ಟೈಮ್ ಶುರು.
ಭಾನುವಾರ ಬೆಳಿಗ್ಗೆ 10: ಮುಂದೆ ಹೋಗುವುದೋ, ವಾಪಸ್ಸೋ. ತೀರ್ಮಾನ.

ಲಾರಿಯ ಸಾಲು ಯಾಕೆ ಎಂದರೆ, ಇ-ವೇ ಬಿಲ್‌ಗೆ ಸಾಮಾನ್ಯ ಸರಕಾದರೆ 200 ಕಿಲೋಮೀಟರ್‌ಗೆ ಒಂದು ದಿನದ ಅವಧಿ. ಶುಕ್ರವಾರ ಬಿಲ್ ಮಾಡಿ ಲಾರಿ ಯಾರ್ಡ್‌ನಲ್ಲೇ ನಿಂತರೆ ಅವಧಿ ಮುಗಿಯುತ್ತದೆ, ತಿದ್ದಲು ಎಸ್‌ಎಪಿ ಇರುವುದಿಲ್ಲ.

ವಾಪಸ್ ಬರುವ ದಾರಿಯನ್ನು ಹೊರಡುವ ಮೊದಲೇ ನಡೆದು ನೋಡಿ. ಬೇರೆ ಡೇಟಾಬೇಸ್‌ನಿಂದ ಹಾನಾಗೆ ಡಿಎಂಒ (ಡೇಟಾಬೇಸನ್ನೂ ಬದಲಾಯಿಸುವ ಸಮ್‌ನ ಸೌಲಭ್ಯ) ಮೂಲಕ ಹೋಗುತ್ತಿದ್ದರೆ ಹಳೆ ಡೇಟಾಬೇಸ್ ಹಾಗೇ ಉಳಿದಿರುತ್ತದೆ, ಹಿಂದಿರುಗುವುದು ಬೇಗ. ಇಸಿಸಿಯೇ ಹಾನಾ ಮೇಲೆ ಇದ್ದರೆ ಅದೇ ಡೇಟಾಬೇಸ್ ಬದಲಾಗುತ್ತದೆ, ಬ್ಯಾಕಪ್‌ನಿಂದ ಮರಳಿ ತರಬೇಕು. ಅದಕ್ಕೆ ಎಷ್ಟು ಗಂಟೆ ಬೇಕು ಎಂದು ತಾಲೀಮಿನಲ್ಲಿ ಅಳೆದಿರಬೇಕು. ಮರಳಲು 14 ಗಂಟೆ ಬೇಕು, ಸೋಮವಾರ ಬೆಳಿಗ್ಗೆ 6ಕ್ಕೆ ಮೊದಲ ಪಾಳಿ ಎಂದಾದರೆ ಭಾನುವಾರ ಸಂಜೆ 4 ಕೊನೆಯ ಗಳಿಗೆ. ತೀರ್ಮಾನವನ್ನು ಬೆಳಿಗ್ಗೆ 10ಕ್ಕೆ ಇಟ್ಟದ್ದು ಅದಕ್ಕೇ. ಯಾವ ತಪ್ಪು ಬಂದರೆ ವಾಪಸ್ ಎಂಬ ಪಟ್ಟಿಯನ್ನೂ ತಿಂಗಳು ಮೊದಲೇ ಬರೆದು ಸಹಿ ಮಾಡಿಸಿ. ನಲವತ್ತು ಗಂಟೆ ನಿದ್ದೆಗೆಟ್ಟವರು ಆ ಹೊತ್ತಲ್ಲಿ ಕೂತು ಯೋಚಿಸುವ ವಿಷಯ ಅಲ್ಲ ಅದು. ಹೊಸದರಲ್ಲಿ ಜನ ಎಂಟ್ರಿ ಹಾಕಲು ಶುರು ಮಾಡಿದ ಮೇಲೆ ಹಿಂದೆ ಹೋಗುವ ದಾರಿ ಇಲ್ಲ ಎಂದೇ ತಿಳಿಯಿರಿ.

ಹಂತ 10: ಮೊದಲ ಎರಡು ತಿಂಗಳು

ಯೋಜನೆ ಮುಗಿಯುವುದು ಎರಡನೇ ತಿಂಗಳ ಲೆಕ್ಕ ಮುಚ್ಚಿದ ಮೇಲೆ. ಮೊದಲ ವಾರ ಸಹಾಯ ಮಾಡುವವರು ಡಿಸ್ಪ್ಯಾಚ್‌ನಲ್ಲಿ, ಸ್ಟೋರ್ಸ್‌ನಲ್ಲಿ ನಿಂತಿರಲಿ, ಫೋನಿನ ಆ ಕಡೆ ಬೇಡ. ಬಂದ ದೂರುಗಳನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತು ಕೂತು ನೋಡಿ. ಒಂದೇ ದೂರು ಮೂರು ಕಡೆಯಿಂದ ಬಂದರೆ ಅದನ್ನು ಮೊದಲು ಹಿಡಿಯಿರಿ.

ಹಳೆ ಇಸಿಸಿಯ ಒಂದು ಪ್ರತಿಯನ್ನು ಓದಲು ಮಾತ್ರ ಇಟ್ಟುಕೊಳ್ಳಿ, ಅದನ್ನು ಮುಚ್ಚುವ ದಿನವನ್ನೂ ಗೊತ್ತುಮಾಡಿ. ಬಿಟ್ಟುಬಂದ ಝಡ್ ಪ್ರೋಗ್ರಾಮ್ ಮತ್ತೆ ಬೇಕು ಎಂದು ಯಾರಾದರೂ ಬಂದರೆ ಹಂತ 3ರ ಪಟ್ಟಿ ತೆಗೆಯಿರಿ, ಆ ಹೆಸರಿನವರನ್ನು ಕೂರಿಸಿ ಮಾತಾಡಿ. ಕಾರಣ ನಿಜವಾದರೆ ಮಾಡಿಕೊಡಿ. ಈ ಸಲ ಯಾಕೆ, ಯಾರಿಗೆ ಎಂದು ಕೋಡ್‌ನ ಮೊದಲ ಸಾಲುಗಳಲ್ಲೇ ಬರೆಸಿ. ಹೊಸ ಪ್ರೊಡಕ್ಷನ್‌ನಲ್ಲಿ ಮೊದಲ ದಿನವೇ ಎಸ್‌ಸಿಮಾನ್ ಆನ್ ಮಾಡಿಸಿ.